ಮಹಾ ಆರ್ಥಿಕ ಕುಸಿತ: ಜನನಂಬಿಕೆ ಮತ್ತು ದಾಖಲೆ

ಅಮೆರಿಕದ ಮಹಾ ಆರ್ಥಿಕ ಕುಸಿತದ ಬಗ್ಗೆ ಜನಮನದಲ್ಲಿ ಬೇರೂರಿರುವ ಕಥನಕ್ಕೆ ಮೂರು ಭಾಗಗಳಿವೆ. 1929ರ ಅಕ್ಟೋಬರ್‌ನಲ್ಲಿ ಷೇರುಪೇಟೆ ನೆಲಕಚ್ಚಿದಾಗ ಅಧ್ಯಕ್ಷ ಹರ್ಬರ್ಟ್ ಹೂವರ್ ಕೈಕಟ್ಟಿ ಕುಳಿತರು. 1933ರಲ್ಲಿ ಅಧಿಕಾರಕ್ಕೆ ಬಂದ ಫ್ರಾಂಕ್ಲಿನ್ ರೂಸ್‌ವೆಲ್ಟ್ ‘ನ್ಯೂ ಡೀಲ್’ ಹೆಸರಿನಲ್ಲಿ ಸರ್ಕಾರದ ಹಣ ಸುರಿದು ದೇಶವನ್ನು ಎತ್ತಿ ನಿಲ್ಲಿಸಿದರು. ಆಮೇಲೂ ಉಳಿದಿದ್ದ ನಿರುದ್ಯೋಗವನ್ನು ಎರಡನೇ ಮಹಾಯುದ್ಧದ ವೆಚ್ಚ ತೊಡೆದುಹಾಕಿತು. ಆರ್ಥಿಕ ಇತಿಹಾಸಕಾರರು ದಶಕಗಳಿಂದ ಈ ಮೂರನ್ನೂ ಪ್ರಶ್ನಿಸುತ್ತ ಬಂದಿದ್ದಾರೆ. ಆದರೂ ನಂಬಿಕೆ ಅಲುಗಿಲ್ಲ. ಅದರಲ್ಲಿ ಅರ್ಧ ಸತ್ಯವಿರುವುದೇ ಅದರ ಬಲ. ಸರ್ಕಾರದಿಂದ ನೆರವಾದದ್ದು ನಿಜ. ಆದರೆ ನೆರವಾದ ಕ್ರಮಗಳೇ ಬೇರೆ, ಜನ ನೆನಪಿಟ್ಟುಕೊಂಡ ಕ್ರಮಗಳೇ ಬೇರೆ.

ಹೂವರ್ ಸುಮ್ಮನೆ ಕುಳಿತವರಲ್ಲ. 1929ರ ನವೆಂಬರ್‌ನಲ್ಲೇ ದೊಡ್ಡ ಉದ್ಯಮಿಗಳನ್ನು ಕರೆಸಿ, ಕೂಲಿ ಕಡಿತ ಮಾಡಬೇಡಿ ಎಂದು ಕೇಳಿಕೊಂಡರು. ಸಾರ್ವಜನಿಕ ಕಾಮಗಾರಿಗಳನ್ನು ಹೆಚ್ಚಿಸಿದರು. ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರ ವಿರೋಧವನ್ನು ಬದಿಗೊತ್ತಿ 1930ರ ಜೂನ್‌ನಲ್ಲಿ ಸ್ಮೂಟ್-ಹಾಲಿ ಆಮದು ಸುಂಕ ಕಾಯ್ದೆಗೆ ಸಹಿ ಹಾಕಿದರು. 1932ರಲ್ಲಿ ಬ್ಯಾಂಕು, ರೈಲ್ವೆಗಳಿಗೆ ಸಾಲ ಕೊಡಲು ಸರ್ಕಾರಿ ನಿಗಮ ಸ್ಥಾಪಿಸಿದರು. ಅದೇ ವರ್ಷ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 25ರಿಂದ ಶೇ 63ಕ್ಕೆ ಏರಿಸಿದರು. ಆ ವರ್ಷದ ಚುನಾವಣೆಯಲ್ಲಿ ಹೂವರ್ ವಿಪರೀತ ಖರ್ಚು ಮಾಡುತ್ತಿದ್ದಾರೆಂದು ದೂರಿ, ಸರ್ಕಾರದ ವೆಚ್ಚವನ್ನು ಕಾಲುಭಾಗ ತಗ್ಗಿಸುವ ಭರವಸೆ ಕೊಟ್ಟವರು ಸ್ವತಃ ರೂಸ್‌ವೆಲ್ಟ್. ಹೂವರ್ ಆಡಳಿತದ ದೋಷ ನಿಷ್ಕ್ರಿಯತೆಯಲ್ಲ, ತಪ್ಪು ಕ್ರಮಗಳು. ನಿಜಕ್ಕೂ ಕೈಕಟ್ಟಿ ಕುಳಿತದ್ದು ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್. 1930ರಿಂದ 1933ರೊಳಗೆ ಸುಮಾರು 9,000 ಬ್ಯಾಂಕುಗಳು ಮುಳುಗಿದವು, ದೇಶದಲ್ಲಿದ್ದ ಹಣದ ಮೊತ್ತ ಮೂರನೇ ಒಂದು ಭಾಗದಷ್ಟು ಕುಗ್ಗಿತು. ಮಿಲ್ಟನ್ ಫ್ರೀಡ್‌ಮನ್ ಮತ್ತು ಆನಾ ಶ್ವಾರ್ಟ್ಜ್ 1963ರಲ್ಲಿ ಪ್ರಕಟಿಸಿದ ಅಮೆರಿಕದ ಹಣದ ಇತಿಹಾಸ ಈ ವೈಫಲ್ಯವನ್ನೇ ಕುಸಿತದ ಕೇಂದ್ರಕ್ಕೆ ತಂದಿತು.

ರೂಸ್‌ವೆಲ್ಟ್ ಬಂದಾಗ ಪ್ರತಿ ನಾಲ್ವರು ದುಡಿಮೆಗಾರರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಅಲ್ಲಿಂದ 1937ರವರೆಗೆ ಉತ್ಪಾದನೆ ವರ್ಷಕ್ಕೆ ಸರಾಸರಿ ಶೇ 8ಕ್ಕಿಂತ ಹೆಚ್ಚು ಬೆಳೆಯಿತು. ಈ ಚೇತರಿಕೆಗೆ ಸರ್ಕಾರದ ಖರ್ಚೇ ಕಾರಣ ಎಂಬ ಮಾತನ್ನು ಮೊದಲು ಅಳೆದು ನೋಡಿದವರು ಆ ವಾದದ ವಿರೋಧಿಗಳಲ್ಲ, ಕುಸಿತದಲ್ಲಿ ಸರ್ಕಾರ ಸಾಲ ಮಾಡಿಯಾದರೂ ಖರ್ಚು ಹೆಚ್ಚಿಸಬೇಕೆಂದ ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ಪಂಥಕ್ಕೇ ಸೇರಿದ ಇ. ಕ್ಯಾರಿ ಬ್ರೌನ್. ಅವರ 1956ರ ಅಧ್ಯಯನದ ಪ್ರಕಾರ ಒಕ್ಕೂಟ ಸರ್ಕಾರ ಖರ್ಚು ಹೆಚ್ಚಿಸಿತು, ಜೊತೆಗೆ ತೆರಿಗೆಯನ್ನೂ ಏರಿಸಿತು. ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳು ಕೈ ಬಿಗಿಹಿಡಿದವು. ಒಟ್ಟಾರೆ ಉತ್ತೇಜನ ಬಲು ಅಲ್ಪ. ಕೊರತೆ ಬಜೆಟ್ಟಿನ ಮದ್ದನ್ನು ಆ ದಶಕದಲ್ಲಿ ಸರಿಯಾಗಿ ಪ್ರಯೋಗಿಸಿಯೇ ಇರಲಿಲ್ಲ ಎಂಬುದು ಅವರ ತೀರ್ಮಾನ.

ಕೆಲಸ ಮಾಡಿದ್ದು ಬೇರೆ ಎರಡು ಕ್ರಮಗಳು. 1933ರ ಮಾರ್ಚ್ 6ರಿಂದ ದೇಶದ ಎಲ್ಲ ಬ್ಯಾಂಕುಗಳನ್ನು ಮುಚ್ಚಿಸಲಾಯಿತು. ಮಾರ್ಚ್ 12ರ ರಾತ್ರಿ ರೂಸ್‌ವೆಲ್ಟ್ ರೇಡಿಯೋದಲ್ಲಿ ಸರಳ ಮಾತುಗಳಲ್ಲಿ ಬ್ಯಾಂಕ್ ವ್ಯವಹಾರವನ್ನು ವಿವರಿಸಿ, ತೆರೆಯುವ ಬ್ಯಾಂಕು ಸುಭದ್ರ ಎಂದು ಮಾತು ಕೊಟ್ಟರು. ಮರುದಿನ ಬಾಗಿಲು ತೆರೆಯತೊಡಗಿದಾಗ, ಕೆಲವೇ ದಿನಗಳ ಹಿಂದೆ ಹಣ ಬಿಡಿಸಿಕೊಳ್ಳಲು ನೂಕಾಡಿದ್ದ ಜನ ಮನೆಯಲ್ಲಿಟ್ಟಿದ್ದ ನಗದನ್ನು ತಂದು ಮತ್ತೆ ಠೇವಣಿ ಇಟ್ಟರು. ಆಮೇಲೆ ಬಂದ ಠೇವಣಿ ವಿಮೆ ಆ ವಿಶ್ವಾಸವನ್ನು ಗಟ್ಟಿಗೊಳಿಸಿತು. ಎರಡನೆಯ ಕ್ರಮ, ಡಾಲರನ್ನು ಚಿನ್ನದ ಹಳೆಯ ಬೆಲೆಯಿಂದ ಬಿಡಿಸಿದ್ದು. 1934ರ ಜನವರಿಯಲ್ಲಿ ಔನ್ಸ್ ಚಿನ್ನದ ಬೆಲೆ 20.67 ಡಾಲರಿನಿಂದ 35 ಡಾಲರಿಗೆ ಏರಿತು. ಯುದ್ಧದ ಭೀತಿಯಲ್ಲಿದ್ದ ಯೂರೋಪಿನಿಂದ ಚಿನ್ನ ಅಮೆರಿಕಕ್ಕೆ ಹರಿಯಿತು, ಅದರ ಬೆನ್ನಲ್ಲೇ ಹಣದ ಚಲಾವಣೆಯೂ ಹಿಗ್ಗಿತು. ಚೇತರಿಕೆಯ ಬಹುಪಾಲು ಇದರ ಫಲವೆಂದು ಕ್ರಿಸ್ಟಿನಾ ರೋಮರ್ 1992ರಲ್ಲಿ ಲೆಕ್ಕಹಾಕಿ ತೋರಿಸಿದರು. ಇದಕ್ಕೆ ಪುರಾವೆಯಂತೆ, 1936-37ರಲ್ಲಿ ಬ್ಯಾಂಕುಗಳ ಮೀಸಲು ಪ್ರಮಾಣವನ್ನು ಇಮ್ಮಡಿಗೊಳಿಸಿ, ಒಳಬರುವ ಚಿನ್ನ ಚಲಾವಣೆಯನ್ನು ಹಿಗ್ಗಿಸದಂತೆ ತಡೆದು, ಬಜೆಟ್ಟನ್ನೂ ಬಿಗಿಗೊಳಿಸಿದಾಗ ನಿರುದ್ಯೋಗ ಶೇ 14ರ ಆಸುಪಾಸಿನಿಂದ ಶೇ 19ಕ್ಕೆ ಜಿಗಿಯಿತು.

ಇದೇ ಹೊತ್ತಿನಲ್ಲಿ ನ್ಯೂ ಡೀಲ್‌ನ ಕೆಲವು ಯೋಜನೆಗಳು ಹಾನಿಯನ್ನೂ ಮಾಡಿದವು. 1933ರ ಕೈಗಾರಿಕಾ ಪುನಶ್ಚೇತನ ಕಾಯ್ದೆ ಉದ್ಯಮಿಗಳು ಒಟ್ಟಾಗಿ ಬೆಲೆ ಕಾಯ್ದುಕೊಳ್ಳಲು ದಾರಿ ಮಾಡಿಕೊಟ್ಟಿತು. ಬ್ರೂಕ್ಲಿನ್‌ನ ಕೋಳಿ ವ್ಯಾಪಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1935ರಲ್ಲಿ ಅದನ್ನು ರದ್ದುಪಡಿಸಿತು. ಕೇನ್ಸ್ ಸಹ 1933ರ ಡಿಸೆಂಬರ್‌ನಲ್ಲಿ ರೂಸ್‌ವೆಲ್ಟ್‌ಗೆ ಬರೆದ ಬಹಿರಂಗ ಪತ್ರದಲ್ಲಿ ಆ ಕಾಯ್ದೆ ಚೇತರಿಕೆಗೆ ಅಡ್ಡಿಯಾದೀತೆಂದು ಎಚ್ಚರಿಸಿದ್ದರು.

ಯುದ್ಧ ಸಮೃದ್ಧಿ ತಂದಿತೆಂಬ ಮಾತಿಗೂ ತಿದ್ದುಪಡಿ ಬೇಕು. 1944ರಲ್ಲಿ ನಿರುದ್ಯೋಗ ಶೇ 1ರ ಸಮೀಪಕ್ಕೆ ಇಳಿದದ್ದು ದಿಟ. ಆದರೆ ಒಂದು ಕೋಟಿಗೂ ಹೆಚ್ಚು ಮಂದಿ ಸೇನೆಯಲ್ಲಿದ್ದರು, 1942ರ ಫೆಬ್ರವರಿಯಿಂದ ನಾಗರಿಕರಿಗೆ ಕಾರು ತಯಾರಿಕೆ ನಿಂತಿತ್ತು, ಸಕ್ಕರೆ, ಮಾಂಸ, ಪೆಟ್ರೋಲ್ ಎಲ್ಲವೂ ಪಡಿತರದಲ್ಲಿ ಸಿಗುತ್ತಿದ್ದವು. ಇದನ್ನು ಸಮೃದ್ಧಿ ಎನ್ನಲಾಗದೆಂದು ರಾಬರ್ಟ್ ಹಿಗ್ಸ್ ವಾದಿಸಿದರು. ಯುದ್ಧ ಮುಗಿದ ಮೇಲೆ ಎರಡೇ ವರ್ಷಗಳಲ್ಲಿ ಸರ್ಕಾರದ ವೆಚ್ಚ ಅರ್ಧಕ್ಕಿಂತ ಕೆಳಗಿಳಿಯಿತು. ಹಲವು ಅರ್ಥಶಾಸ್ತ್ರಜ್ಞರು ಭಯಪಟ್ಟಿದ್ದ ಹೊಸ ಕುಸಿತ ಬರಲಿಲ್ಲ. 1946ರ ನಿರುದ್ಯೋಗ ಶೇ 4ರ ಒಳಗೇ ಉಳಿಯಿತು.

ದಾಖಲೆ ಹೀಗಿದ್ದರೂ ನಂಬಿಕೆ ಉಳಿದದ್ದಕ್ಕೆ ಮುಖ್ಯ ಕಾರಣ, ಮತದಾರರು ಘಟನೆಗಳ ಅನುಕ್ರಮವನ್ನೇ ಕಾರಣವೆಂದು ಓದುವುದು. ರಾಜಕೀಯ ಶಾಸ್ತ್ರಜ್ಞರಾದ ಕ್ರಿಸ್ಟೋಫರ್ ಏಕನ್ ಮತ್ತು ಲ್ಯಾರಿ ಬಾರ್ಟೆಲ್ಸ್ ಇದನ್ನು ಹಲವು ದೇಶಗಳ ಉದಾಹರಣೆಯಿಂದ ತೋರಿಸಿದ್ದಾರೆ. ಕುಸಿತದ ವರ್ಷಗಳಲ್ಲಿ ಅಮೆರಿಕದ ಬಲಪಂಥೀಯರೂ ಬ್ರಿಟನ್ ಮತ್ತು ಆಸ್ಟ್ರೇಲಿಯದ ಲೇಬರ್ ಪಕ್ಷಗಳೂ ಸೋತವು. ಚೇತರಿಕೆಯ ಹೊತ್ತಿನಲ್ಲಿ ಕುರ್ಚಿಯಲ್ಲಿದ್ದವರು ಬಹುಕಾಲ ಉಳಿದರು. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕಥೆ ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೆರೆದಿಡುತ್ತದೆ. ಪ್ರತಿ ವಯಸ್ಕರಿಗೂ ತಿಂಗಳಿಗೆ 25 ಡಾಲರ್ ಕೊಡುವ ಭರವಸೆಯೊಂದಿಗೆ ಸೋಷಿಯಲ್ ಕ್ರೆಡಿಟ್ ಪಕ್ಷ 1935ರಲ್ಲಿ ಗೆದ್ದಿತು. ಆ ಭರವಸೆ ಈಡೇರಲಿಲ್ಲ. ಆದರೂ ಪಕ್ಷ 1971ರವರೆಗೆ ಅಧಿಕಾರದಲ್ಲಿತ್ತು.

ಎರಡನೆಯ ಕಾರಣ, ಕಣ್ಣಿಗೆ ಕಾಣುವುದರ ಶಕ್ತಿ. 1935ರಲ್ಲಿ ಆರಂಭವಾದ ಕಾಮಗಾರಿ ಸಂಸ್ಥೆ ಡಬ್ಲ್ಯುಪಿಎ ಸುಮಾರು 85 ಲಕ್ಷ ಜನರಿಗೆ ಕೆಲಸ ಕೊಟ್ಟಿತು. ಅದು ಕಟ್ಟಿದ ಸೇತುವೆ, ಶಾಲೆಗಳಲ್ಲಿ ಹಲವು ಇಂದಿಗೂ ನಿಂತಿವೆ. ಕುಸಿತದ ಸಂಕಟಕ್ಕೆ ಮುಖ ಕೊಟ್ಟ ಚಿತ್ರ, ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ ವಲಸೆ ತಾಯಿಯ ಛಾಯಾಚಿತ್ರ. ಆಗ ಲ್ಯಾಂಗ್ ಸರ್ಕಾರದ ಪುನರ್ವಸತಿ ಸಂಸ್ಥೆಯ ನೌಕರಿಯಲ್ಲಿದ್ದರು. ಚಿನ್ನದ ಒಳಹರಿವಿಗೆ ಇಂಥ ಚಿತ್ರವಿಲ್ಲ. ಹಸಿದ ಕುಟುಂಬಕ್ಕೆ ಡಬ್ಲ್ಯುಪಿಎ ಸಂಬಳ ಪ್ರಾಣರಕ್ಷಕವಾಗಿತ್ತು, ಆ ಕೃತಜ್ಞತೆ ಸಹಜವೂ ನ್ಯಾಯವೂ ಹೌದು. ಪರಿಹಾರ ಮತ್ತು ಚೇತರಿಕೆ ಎರಡನ್ನೂ ಒಂದೇ ಎಂದುಕೊಂಡಲ್ಲಿ ನಂಬಿಕೆ ಎಡವಿತು.

ಮೂರನೆಯದು ಪಾಠಕ್ರಮ. ಕೇನ್ಸ್ ಸಿದ್ಧಾಂತ ಪುಸ್ತಕವಾಗಿ ಬಂದದ್ದು 1936ರಲ್ಲಿ. 1948ರ ಪಾಲ್ ಸ್ಯಾಮ್ಯುಯೆಲ್‌ಸನ್ ಪಠ್ಯಪುಸ್ತಕದ ಮೂಲಕ ಅದು ತರಗತಿಗಳನ್ನು ತಲುಪಿತು, ಹಿಂದಿನ ಘಟನೆಗಳನ್ನೂ ಅದೇ ಕನ್ನಡಕದಲ್ಲಿ ಓದುವ ರೂಢಿ ಬೆಳೆಯಿತು. ಜೊತೆಗೆ, ಆಂಥನಿ ಡೌನ್ಸ್ 1957ರಲ್ಲಿ ವಿವರಿಸಿದಂತೆ, ಒಂದು ಮತದಿಂದ ಫಲಿತಾಂಶ ಬದಲಾಗದ ಕಾರಣ ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳುವ ಶ್ರಮ ಸಾಮಾನ್ಯ ಮತದಾರರಿಗೆ ಲಾಭ ತರುವುದಿಲ್ಲ.

ಈ ನಂಬಿಕೆಯ ಕಟು ಟೀಕಾಕಾರರಾದ ಆಸ್ಟ್ರಿಯನ್ ಪಂಥದವರು ಇನ್ನೊಂದು ತುದಿಗೆ ಹೋದರು. ಸರ್ಕಾರ ದೂರ ನಿಂತಿದ್ದರೆ ಕುಸಿತ ತಾನಾಗಿ ಮುಗಿಯುತ್ತಿತ್ತು ಎಂದು ಮರ್ರೇ ರಾತ್‌ಬಾರ್ಡ್ 1963ರಲ್ಲಿ ಬರೆದರು. ಹೂವರ್ ಕುರಿತ ಅವರ ದಾಖಲೆ ಗಟ್ಟಿ, ತೀರ್ಮಾನ ದುರ್ಬಲ. 1931ರಲ್ಲೇ ಚಿನ್ನದ ಕಟ್ಟಿನಿಂದ ಹೊರಬಂದ ಬ್ರಿಟನ್, 1936ರವರೆಗೆ ಅದಕ್ಕೆ ಅಂಟಿಕೊಂಡ ಫ್ರಾನ್ಸಿಗಿಂತ ಬೇಗ ಚೇತರಿಸಿತು. ಇದು ಸರ್ಕಾರಗಳು ತೆಗೆದುಕೊಂಡ ನಿರ್ಧಾರದ ಫಲವೇ.

ಕೇನ್ಸ್, ಆಸ್ಟ್ರಿಯನ್, ಹಣಕೇಂದ್ರಿತ ಈ ಮೂರೂ ಪಂಥಗಳನ್ನು ತೂಗಿದರೆ ಹಣ ಮತ್ತು ಬ್ಯಾಂಕುಗಳನ್ನು ಮುಂದಿಟ್ಟ ವಿವರಣೆಯೇ ಪುರಾವೆಗೆ ಹತ್ತಿರ. ಆ ಪಾಠ ಕಲಿತವರಲ್ಲಿ ಒಬ್ಬರಾದ ಬೆನ್ ಬರ್ನಾಂಕೆ 2002ರಲ್ಲಿ, ಫ್ರೀಡ್‌ಮನ್ ಅವರ 90ನೇ ಹುಟ್ಟುಹಬ್ಬದ ಸಭೆಯಲ್ಲಿ, ಫೆಡರಲ್ ರಿಸರ್ವ್ ಪರವಾಗಿ ಹಳೆಯ ತಪ್ಪನ್ನು ಒಪ್ಪಿಕೊಂಡರು. 2008ರ ಬಿಕ್ಕಟ್ಟು ಬಂದಾಗ ಅವರೇ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿದ್ದರು, ಹಣದ ಪೂರೈಕೆ ಕುಸಿಯಲು ಬಿಡಲಿಲ್ಲ. 1930ರ ದಶಕದ ಹಣದ ಇತಿಹಾಸವನ್ನು ಸರಿಯಾಗಿ ಓದಿದ್ದರ ಪ್ರಯೋಜನ ಇದು. ಜನರ ನೆನಪೂ ದಾಖಲೆಗೆ ಹತ್ತಿರ ಬಂದರೆ, ಮುಂದಿನ ಬಿಕ್ಕಟ್ಟಿನಲ್ಲಿ ಸರ್ಕಾರದಿಂದ ಏನನ್ನು ಕೇಳಬೇಕೆಂಬುದು ಮತದಾರರಿಗೂ ಸ್ಪಷ್ಟವಾಗುತ್ತದೆ.