ಪದ, ಮಟ್ಟು, ಬೆರಳು

ತಾವೇ ಪದ ಕಟ್ಟಿ, ತಾವೇ ಮಟ್ಟು ಹಾಕಿ, ಒಂದೇ ಒಂದು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಹಾಡುವ ಪಶ್ಚಿಮದ ಕಲಾವಿದರಲ್ಲಿ ಹಿರಿಯರು ಯಾರು ಎಂಬ ಪ್ರಶ್ನೆ ನಮ್ಮ ಮಿತ್ರಗೋಷ್ಠಿಯಲ್ಲಿ ಆಗಾಗ ತಲೆಯೆತ್ತುವುದುಂಟು. ರಸಿಕರ ಇಂಥ ವಾದವನ್ನು ಕಾಲಹರಣವೆಂದು ಎಣಿಸುವವರಿದ್ದಾರೆ. ನಾನು ಆ ಪಕ್ಷದವನಲ್ಲ. ತನಗೆ ಪ್ರಿಯವಾದುದು ಏತಕ್ಕೆ ಪ್ರಿಯವಾಯಿತೆಂದು ಸರಿಸಮಾನ ರಸಿಕನೊಬ್ಬನ ಎದುರಿಗೆ ನಿರೂಪಿಸಬೇಕಾಗಿ ಬಂದಾಗಲೇ ನಮ್ಮ ಕಿವಿ ತಾನು ಇಷ್ಟು ದಿನ ಏನನ್ನು ಕೇಳುತ್ತಿತ್ತು, ಏನನ್ನು ಕೇಳದೆ ಬಿಡುತ್ತಿತ್ತು ಎಂಬುದನ್ನು ಅರಿತುಕೊಳ್ಳುವುದು.

ನಮ್ಮಲ್ಲಿ ವಕೀಲಿವೃತ್ತಿಯ ಮಿತ್ರರೊಬ್ಬರಿದ್ದಾರೆ. ಅವರ ಆರಾಧ್ಯದೈವ ಬಾಬ್ ಡಿಲನ್. 2016ರಲ್ಲಿ ಸಾಹಿತ್ಯದ ನೊಬೆಲ್ ಪುರಸ್ಕಾರ ಡಿಲನ್ನನಿಗೆ ಸಂದಮೇಲಂತೂ ಅವರ ಪಕ್ಷಕ್ಕೆ ರಾಜಮುದ್ರೆಯೇ ಬಿದ್ದಂತಾಗಿದೆ. ಹಾಡಿನ ಜೀವ ಪದದಲ್ಲಿದೆ, ಕಂಠವೂ ವಾದ್ಯವೂ ಅದಕ್ಕೆ ಉಡುಗೆ ಮಾತ್ರ ಎಂಬುದು ಅವರ ಸಿದ್ಧಾಂತ. ಡಿಲನ್ನನ ‘ಮಿಸ್ಟರ್ ಟಾಂಬೊರಿನ್ ಮ್ಯಾನ್’ ಎಂಬ ಹಾಡನ್ನು 1965ರಲ್ಲಿ ‘ಬರ್ಡ್ಸ್’ ತಂಡದವರು 12 ತಂತಿಯ ವಿದ್ಯುತ್ ಗಿಟಾರಿನೊಡನೆ ಹಾಡಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿಸಿದರು. ಮಾಂಟ್ರಿಯಲ್ಲಿನ ಕವಿ ಲಿಯೊನಾರ್ಡ್ ಕೊಹೆನ್ನನ ‘ಸುಝಾನ್’ ಆತನ ಸ್ವಂತ ಧ್ವನಿಮುದ್ರಿಕೆ ಹೊರಬರುವ ಮುನ್ನವೇ, 1966ರಲ್ಲಿ, ಜೂಡಿ ಕಾಲಿನ್ಸ್ ಎಂಬಾಕೆಯ ಕಂಠದಲ್ಲಿ ಲೋಕಕ್ಕೆ ಬಂದಿತು. ಉಡುಗೆ ಬದಲಾದರೂ ಕುಂದದ ಹಾಡೇ ದೊಡ್ಡ ಹಾಡು ಎನ್ನುವರು ಅವರು. ಆ ಮಾತಿಗೆ ನಮ್ಮ ನಾಡಿನಿಂದಲೇ ಸಾಕ್ಷ್ಯವನ್ನೂ ತರುವರು: ಪುರಂದರದಾಸರು ತಮ್ಮ ದೇವರನಾಮಗಳನ್ನು ಯಾವ ಮಟ್ಟಿನಲ್ಲಿ ಹಾಡಿದರೆಂಬುದು ಬಹುಪಾಲು ಲುಪ್ತವಾಗಿದೆ, ಇಂದು ಕಚೇರಿಗಳಲ್ಲಿ ಕೇಳಿಬರುವ ಮಟ್ಟುಗಳಲ್ಲಿ ಹೆಚ್ಚಿನವು ಅನಂತರದ ವಿದ್ವಾಂಸರು ಕೂಡಿಸಿದವು, ಆದರೂ ದಾಸರ ಪದ ಬದುಕಿದೆಯಲ್ಲವೆ?

ಇದಕ್ಕೆ ಎದುರುತ್ತರ ಕೊಡುವವರು, ಬಾಲ್ಯದಿಂದ ವೀಣೆ ಅಭ್ಯಾಸಮಾಡಿದ ನಮ್ಮ ಗೆಳತಿ. ‘ಬರ್ಡ್ಸ್’ ತಂಡದವರು ಡಿಲನ್ನನ ನಾಲ್ಕು ಚರಣಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಮೂರನ್ನು ಕೈಬಿಟ್ಟರೆಂಬುದನ್ನು ಅವರು ಮೊದಲು ನೆನಪಿಸುವರು. ಪದವೇ ಸರ್ವಸ್ವವಾಗಿದ್ದರೆ ಮುಕ್ಕಾಲು ಪಾಲು ಪದ ಹೋದಮೇಲೆ ಹಾಡು ಗೆದ್ದುದು ಹೇಗೆ? ಅವರ ಮೆಚ್ಚಿನ ಗಾಯಕಿ ಕೆನಡಾದ ಜೋನಿ ಮಿಚೆಲ್. ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೊ ತಗಲಿ ಆಕೆಯ ಎಡಗೈ ದುರ್ಬಲವಾಯಿತು. ರೂಢಿಯ ಶ್ರುತಿಯಲ್ಲಿ ಕ್ಲಿಷ್ಟವಾದ ಸ್ವರಮೇಳಗಳನ್ನು ಒತ್ತಿ ಹಿಡಿಯುವುದು ಆ ಕೈಗೆ ಪ್ರಯಾಸವಾಗಿದ್ದುದರಿಂದ, ತಂತಿಗಳ ಶ್ರುತಿಯನ್ನೇ ಹಾಡಿಗೆ ತಕ್ಕಂತೆ ಬದಲಿಸಿಕೊಳ್ಳುವ ಮಾರ್ಗವನ್ನು ಆಕೆ ಹಿಡಿದಳು. ಒಂದೆರಡು ಬೆರಳ ಸ್ಪರ್ಶಕ್ಕೇ, ಒತ್ತದೆ ಬಿಟ್ಟ ತಂತಿಗಳೊಡನೆ ಅನಿರೀಕ್ಷಿತವಾದ ಸ್ವರಗಳು ಕೂಡಿ ನುಡಿಯತೊಡಗಿದವು. ಆ ನುಡಿಯಿಂದಲೇ ಹೊಸ ಮಟ್ಟುಗಳು ಹುಟ್ಟಿದವು. 1971ರ ‘ಬ್ಲೂ’ ಧ್ವನಿಮುದ್ರಿಕೆಯ ‘ಎ ಕೇಸ್ ಆಫ್ ಯೂ’ ಹಾಡಿನಲ್ಲಿಯಾದರೋ ಆಕೆ ಗಿಟಾರನ್ನೇ ಬಿಟ್ಟು, ಅಪಲೇಚಿಯನ್ ಬೆಟ್ಟಸೀಮೆಯ ಡಲ್ಸಿಮರ್ ಎಂಬ ಪುಟ್ಟ ತಂತಿವಾದ್ಯವನ್ನು ಮಡಿಲಲ್ಲಿ ಅಡ್ಡಲಾಗಿ ಇಟ್ಟುಕೊಂಡು ನುಡಿಸುವಳು. ಇಂಥ ಹಾಡನ್ನು ಮತ್ತೊಬ್ಬರು ಸಾಮಾನ್ಯ ಶ್ರುತಿಯಲ್ಲಿ ಹಾಡಿದರೆ ಪದ ಬಂದೀತು, ಮಟ್ಟೂ ಬಂದೀತು. ಅವೆರಡನ್ನೂ ಹಡೆದ ನಾದ ಮಾತ್ರ ಬಾರದು ಎಂಬುದು ಗೆಳತಿಯ ವಾದ.

ನಾನು ಬಹುಕಾಲದಿಂದ ನಿಕ್ ಡ್ರೇಕನ ಪಕ್ಷಪಾತಿ. ಬರ್ಮಾದ ರಂಗೂನಿನಲ್ಲಿ 1948ರಲ್ಲಿ ಜನಿಸಿ, ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಬೆಳೆದು, ಮೂರೇ ಧ್ವನಿಮುದ್ರಿಕೆಗಳನ್ನು ಕೊಟ್ಟು, ಇಪ್ಪತ್ತಾರನೆಯ ವಯಸ್ಸಿಗೇ ಅಸ್ತಮಿಸಿದ ಈ ತರುಣನಿಗೆ ಜೀವಿತಕಾಲದಲ್ಲಿ ಶ್ರೋತೃಗಳು ಅತಿ ವಿರಳ. ಆತನ ಕಡೆಯ ಧ್ವನಿಮುದ್ರಿಕೆಯಾದ ‘ಪಿಂಕ್ ಮೂನ್’ 1971ರ ಅಕ್ಟೋಬರಿನಲ್ಲಿ, ಲಂಡನ್ನಿನ ಸ್ಟುಡಿಯೊ ಒಂದರಲ್ಲಿ, ಎರಡು ರಾತ್ರಿಗಳಲ್ಲಿ ಸಿದ್ಧವಾಯಿತು. ಅಲ್ಲಿದ್ದವರು ಡ್ರೇಕ್ ಮತ್ತು ಧ್ವನಿಮುದ್ರಣದ ತಜ್ಞ ಜಾನ್ ವುಡ್, ಇವರಿಬ್ಬರೇ. ಮೊದಲ ಹಾಡಿನಲ್ಲಿ ಡ್ರೇಕನೇ ಕೂಡಿಸಿದ ಪಿಯಾನೊವಿನ ಕೆಲವು ಸ್ವರಗಳನ್ನು ಬಿಟ್ಟರೆ ಅರ್ಧ ಗಂಟೆಗೂ ಕಿರಿದಾದ ಆ ಕೃತಿಯಲ್ಲಿ ಕಂಠ, ಗಿಟಾರ್, ಇವಲ್ಲದೆ ಬೇರೇನೂ ಇಲ್ಲ. ಶ್ರುತಿ ಇಳಿಸಿದ ಮಂದ್ರದ ತಂತಿಯನ್ನು ಹೆಬ್ಬೆರಳು ಕಾಲಪ್ರಮಾಣ ತಪ್ಪದೆ ಮೀಟುತ್ತಿರಲು, ಕಂಠವು ಆ ನಡೆಗೆ ಬದ್ಧವಾಗದೆ, ತಾಳದ ಪೆಟ್ಟಿಗಿಂತ ಕಿಂಚಿತ್ತು ತಡವಾಗಿ ಬಂದು ಸೇರಿಕೊಳ್ಳುವ ಪರಿಯನ್ನು ಗಮನವಿಟ್ಟು ಕೇಳಿದವರಿಗೆ, ಒಬ್ಬನೇ ಮನುಷ್ಯ ಇಬ್ಬರಾಗಿ ಸಂವಾದ ನಡೆಸುತ್ತಿರುವನೆಂಬ ಭಾವನೆ ಬಾರದಿರದು.

ವಕೀಲಮಿತ್ರರ ದಾಸಸಾಕ್ಷ್ಯಕ್ಕೆ ನನ್ನ ಸಮಾಧಾನ ಇಷ್ಟೆ. ದಾಸರ ಮಟ್ಟು ಲುಪ್ತವಾದುದು ಅದು ಗೌಣವಾಗಿತ್ತೆಂಬ ಕಾರಣದಿಂದಲ್ಲ. ಪದವನ್ನು ತಾಡವೋಲೆ ಕಾಯಬಲ್ಲುದಾಗಿತ್ತು, ನಾದವನ್ನು ಕಾಯುವ ಸಾಧನ ಆ ಕಾಲಕ್ಕೆ ಇರಲಿಲ್ಲ. ದಂಡಿಗೆಯ ಶ್ರುತಿಗೆ ಅವರ ಕಂಠ ಎಲ್ಲಿ ನಿಂತಿತು, ಯಾವ ಅಕ್ಷರವನ್ನು ಎಳೆಯಿತು, ಯಾವುದನ್ನು ತೇಲಿಸಿತು ಎಂಬುದನ್ನು ಕೇಳುವ ಭಾಗ್ಯ ನಮಗಿಲ್ಲವಲ್ಲಾ ಎಂದು ಕೊರಗದ ರಸಿಕನಾರು? ವಾಗ್ಗೇಯಕಾರನ ಕಂಠವೂ ಬೆರಳೂ ಅವನ ಪದದಷ್ಟೇ ಕಾಲ ಉಳಿಯುವ ಅನುಕೂಲವನ್ನು ಧ್ವನಿಮುದ್ರಣ ಒದಗಿಸಿಕೊಟ್ಟಿರುವಾಗ, ಪದವನ್ನೊಂದೇ ತೂಗಿ ತೀರ್ಪು ಕೊಡುವುದು ದೊರೆತ ಸಂಪತ್ತನ್ನು ಒಲ್ಲೆನೆಂದು ಹಿಂತಿರುಗಿಸಿದಂತೆ.

ಹೀಗೆ ಎರಡು ಒರೆಗಲ್ಲುಗಳು ನಮ್ಮ ಮುಂದೆ ನಿಲ್ಲುತ್ತವೆ: ಹಾಡು ಕರ್ತೃವನ್ನು ಬಿಟ್ಟು ಲೋಕದ ಬಾಯಲ್ಲಿ ಬದುಕಬಲ್ಲುದೆ ಎಂಬುದೊಂದು, ಕರ್ತೃವಿನ ಕೈಯಲ್ಲಿ ಮಾತ್ರ ದೊರೆಯುವುದೇನಾದರೂ ಅದರಲ್ಲಿದೆಯೆ ಎಂಬುದು ಮತ್ತೊಂದು. ಎರಡರಲ್ಲೂ ಬಂಗಾರವೇ ಎನಿಸಿಕೊಂಡ ಕಲಾವಿದೆಯೊಬ್ಬಳ ಹೆಸರನ್ನು ನಮ್ಮ ಗೋಷ್ಠಿಯ ಮುಂದೆ ಇಡಬಯಸುತ್ತೇನೆ. ಅಮೆರಿಕದ ಉತ್ತರ ಕೆರೊಲಿನಾದ ಬಡ ಕರಿಯರ ಕುಟುಂಬದಲ್ಲಿ, ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕದಲ್ಲಿ ಜನಿಸಿದ ಎಲಿಜಬೆತ್ ಕಾಟನ್ ಎಳವೆಯಲ್ಲಿಯೇ ಮನೆಗೆಲಸಕ್ಕೆ ನಿಂತು, ಕೂಡಿಟ್ಟ ಕಾಸಿನಿಂದ ಗಿಟಾರ್ ಕೊಂಡಳು. ಆಕೆ ಎಡಚಿ; ಬಲಗೈಯವರಿಗೆಂದು ತಂತಿ ಕಟ್ಟಿದ ವಾದ್ಯವನ್ನು ತಂತಿ ಬದಲಿಸದೆ ಹಾಗೆಯೇ ತಿರುಗಿಸಿ ಹಿಡಿದಳು. ಇದರಿಂದ ತಾರದ ತಂತಿಗಳು ಮೇಲಕ್ಕೂ ಮಂದ್ರದವು ಕೆಳಕ್ಕೂ ಬಂದು, ಇತರರು ಹೆಬ್ಬೆರಳಿನಿಂದ ಮೀಟುವ ಮಂದ್ರ ಆಕೆಯ ಬೆರಳುಗಳ ಪಾಲಿಗೂ, ಬೆರಳುಗಳಿಂದ ನುಡಿಸುವ ರಾಗದ ಎಳೆ ಹೆಬ್ಬೆರಳಿನ ಪಾಲಿಗೂ ಬಿದ್ದವು. ಇನ್ನೂ ಬಾಲೆಯಾಗಿದ್ದಾಗಲೇ ಆಕೆ ಕಟ್ಟಿದ ಹಾಡು ‘ಫ್ರೈಟ್ ಟ್ರೇನ್’.

ಅನಂತರ ಸಂಸಾರಭಾರದಲ್ಲಿ ಗಿಟಾರ್ ದಶಕಗಳ ಕಾಲ ಮೂಲೆ ಸೇರಿತು. ಅಂಗಡಿಯೊಂದರಲ್ಲಿ ದಾರಿತಪ್ಪಿದ ಮಗುವನ್ನು ತಾಯಿಗೆ ಒಪ್ಪಿಸಿದ ನಿಮಿತ್ತದಿಂದ, ಜಾನಪದ ಸಂಗೀತಕ್ಕೆ ಹೆಸರಾದ ಸೀಗರ್ ಕುಟುಂಬದಲ್ಲಿ ಕೆಲಸ ದೊರೆತು, ಆ ಮನೆಯ ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಆಕೆ ಮತ್ತೆ ಕೈಗೆತ್ತಿಕೊಂಡಳು. ಆ ಮನೆಯ ಮಗ ಮೈಕ್ ಸೀಗರ್ ಆಕೆಯ ವಾಸದ ಮನೆಯಲ್ಲಿಯೇ ಮುದ್ರಿಸಿಕೊಂಡ ಹಾಡುಗಳನ್ನು ಫೋಕ್‌ವೇಸ್ ಸಂಸ್ಥೆ 1958ರಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ‘ಫ್ರೈಟ್ ಟ್ರೇನ್’ ಇಂಗ್ಲೆಂಡಿಗೆ ಹೋಗಿ, ಕರ್ತೃತ್ವ ಅನ್ಯರ ಹೆಸರಿನಲ್ಲಿ ದಾಖಲಾಗಿ, ಜನಪ್ರಿಯವೂ ಆಗಿತ್ತು. ತರುವಾಯ ಆಕೆಯ ಕರ್ತೃತ್ವಕ್ಕೆ ಮನ್ನಣೆ ದೊರೆಯಿತು. 1985ರಲ್ಲಿ ಗ್ರ್ಯಾಮಿ ಪುರಸ್ಕಾರವೂ ಸಂದಿತು.

ಇಂದು ಗಿಟಾರ್ ಕಲಿಯುವ ಹುಡುಗರು ಆರಂಭದಲ್ಲಿಯೇ ಅಭ್ಯಾಸಮಾಡುವ ಹಾಡುಗಳಲ್ಲಿ ಅದೊಂದು. ಲೋಕದ ಬಾಯಲ್ಲಿ ಬದುಕುವುದೆಂದರೆ ಇದೇ. ಆದರೆ ಹೆಬ್ಬೆರಳಿನ ಬಲದಿಂದ ದುಂಡಾಗಿ ಮೂಡುವ ರಾಗದ ಎಳೆ, ಕೆಳಗೆ ಹಗುರವಾಗಿ ಸಾಗುವ ಮಂದ್ರ, ಇವೆರಡೂ ಕೂಡಿದ ಆ ನಾದವನ್ನು ಗಿಟಾರನ್ನು ನೇರವಾಗಿ ಹಿಡಿದವರು ಎಷ್ಟು ಸಾಧಿಸಿದರೂ ಆಕೆಯಂತೆ ಹೊರಡಿಸಲಾರರು. ಡಿಲನ್ನನ ವಾಗ್ವೈಭವವಾಗಲಿ, ಮಿಚೆಲ್ಲಳ ಶ್ರುತಿವೈಚಿತ್ರ್ಯವಾಗಲಿ, ನನ್ನ ಪ್ರಿಯ ಡ್ರೇಕನ ಏಕಾಂತವಾಗಲಿ ನನಗೆ ಕಡಿಮೆಯವಲ್ಲ. ಆದರೂ ಪದ, ಮಟ್ಟು, ಬೆರಳು ಮೂರನ್ನೂ ಏಕಕಾಲಕ್ಕೆ ತೂಗಿ ಒಬ್ಬರ ಹೆಸರನ್ನೇ ಹೇಳಬೇಕೆಂದು ಮಿತ್ರರು ಪಟ್ಟುಹಿಡಿದರೆ, ನನ್ನ ಮತ ಎಲಿಜಬೆತ್ ಕಾಟನ್ನಳಿಗೆ.