ಕೆರೆಯಂಚಿನ ಎರಡು ಮಾರು

ಈ ವಾರ ಉಲ್ಹಾಸ್ ನದಿಯ ಜಲಪರ್ಣಿಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಮಂಗಳವಾರ ಡೊಂಬಿವಲಿ ಸ್ಟೇಷನ್ ಹೊರಗೆ ಸೊಪ್ಪು ಮಾರುವ ಅಜ್ಜಿಯ ಬುಟ್ಟಿ ಅಡ್ಡ ಬಂತು. ಕೆಸುವಿನ ಕಟ್ಟುಗಳ ಪಕ್ಕ ಒಂದು ಹಿಡಿ ತಿಮರೆ, ಅಂದರೆ ಒಂದೆಲಗ. ಅಜ್ಜಿ "ಬ್ರಾಹ್ಮೀ ಘ್ಯಾ" ಅಂದಳು. ಆಟಿಯ ಪತ್ರೊಡೆಗೆ ಕೆಸು ಆರಿಸುತ್ತಿದ್ದ ನಮ್ಮೂರ ಗೆಳೆಯರೂ "ಬ್ರಾಹ್ಮಿ ಬಂದಿದೆ ಮಾರಾಯ್ರೆ" ಎಂದು ದನಿಗೂಡಿಸಿದರು. ಜಲಪರ್ಣಿ ಅಲ್ಲಿಗೇ ಉಳಿಯಿತು.

ಒಂದೆಲಗವನ್ನು ಬ್ರಾಹ್ಮಿ ಎನ್ನುವವರೊಡನೆ ನನ್ನ ತಕರಾರು ಹಳೆಯದೆಂದು ಈ ಅಂಕಣ ಓದುವವರಿಗೆ ಗೊತ್ತು. ಒಂದೆಲಗ ಆಯುರ್ವೇದದವರ ಮಂಡೂಕಪರ್ಣಿ; ಅವರ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ತೊಟ್ಟಿಗೊಂದೇ ಎಲೆ, ಅಂಚಿಗೆ ಸಣ್ಣ ಗರಗಸ. ನೀರುಬ್ರಾಹ್ಮಿಯದು ಪುಟ್ಟ, ದಪ್ಪ, ಜೋಡಿ ಎಲೆ; ಬಿಳಿಗೆ ತುಸು ನೇರಳೆ ಬೆರೆತ ಹೂ. ಎಲೆಯಲ್ಲಿ ಗುರುತು ಹತ್ತದಿದ್ದರೆ ಬೇರು ಎಲ್ಲಿದೆ ನೋಡಿ. ನೀರುಬ್ರಾಹ್ಮಿ ಕೆಸರು ನೀರಲ್ಲಿ ಕಾಲಿಳಿಸಿಕೊಂಡಿರುತ್ತದೆ. ತಿಮರೆ ಅಲ್ಲಿಂದ ಒಂದೆರಡು ಮಾರು ಮೇಲೆ, ಬರಿಯ ತೇವದಲ್ಲಿ ಹಬ್ಬುತ್ತದೆ. ಹೆಸರಿನ ಜಗಳ ತೀರುವುದು ಆ ಎರಡು ಮಾರಿನಲ್ಲಿ.

ನಮ್ಮ ಕೊಂಕಣದ ಕೆರೆಗಳ ಸಂಸಾರವೆಲ್ಲ ಈ ಇಳಿಜಾರಿನದೇ. (ನೆರೂಲಿನ ಖಾಡಿ ಬದಿಯ ಕಾಂಡ್ಲಾದ್ದು ಬೇರೆ ಸಂಸಾರ, ಅದು ಉಪ್ಪುನೀರಿನದು.) ನಾಲ್ಕು ತಿಂಗಳಲ್ಲಿ ಸುಮಾರು 2,500 ಮಿ.ಮೀ. ಮಳೆ, ಆಮೇಲೆ ಎಂಟು ತಿಂಗಳು ಒಣಹವೆ. ನವರಾತ್ರಿ ಕಳೆದದ್ದೇ ನೀರು ಇಳಿಯತೊಡಗುತ್ತದೆ. ಇಳಿದಷ್ಟೂ ಹೊಸ ಕೆಸರಿನ ಪಟ್ಟಿ ಬಿಸಿಲಿಗೆ ಬೀಳುತ್ತದೆ; ಮಳೆಗಾಲವಿಡೀ ನೀರಡಿಯಲ್ಲಿ ಕಾದಿದ್ದ ಬೀಜಗಳು ಅದರಲ್ಲಿ ಮೊಳೆಯುತ್ತವೆ. ಒಳಗಡೆ ನೈದಿಲೆ, ಅದರ ಎಲೆ ಮೇಲೆ ದೇವನಕ್ಕಿಯ ನಡಿಗೆ. ದಡಕ್ಕೆ ಬಂದಂತೆ ಜೊಂಡು. ಆಮೇಲೆ ಜೇಕು, ಹೊನಗೊನ್ನೆ. ಅಕ್ಟೋಬರ್ ದಾಟಿದರೆ ಕೊಳವಳಿಕೆ. ಬಗ್ಗಿ ನೋಡಿ, ಅದರ ಗೆಣ್ಣು ಗೆಣ್ಣಿಗೂ ಹಳದಿ ಮುಳ್ಳಿನ ಸುತ್ತು, ನಡುವೆ ನೀಲಿನೇರಳೆ ಹೂಗಳು. ಮುಟ್ಟಲು ಹೋಗಬೇಡಿ, ಹೋಗಿ ಅನುಭವಿಸಿದ್ದೇನೆ.

ಇನ್ನು ಸುಂದರೀಕರಣದ ಮಂದಿ. ಅವರಿಗೆ ಕೆರೆ ಎಂದರೆ ಸುತ್ತ ಕಲ್ಲಿನ ಗೋಡೆ, ಮೇಲೊಂದು ವಾಕಿಂಗ್ ಟ್ರ್ಯಾಕ್, ರಾತ್ರಿಗೆ ಬಣ್ಣದ ದೀಪ. ಥಾಣೆಯ ಮಾಸುಂದಾ, ಅದೇ ನಮ್ಮ ತಲಾವ್‌ಪಾಳಿಯ ಕಟ್ಟೆ ಮೇಲೆ ಕೂತು ನಾನೂ ಎಷ್ಟೋ ಸಂಜೆ ಕಡಲೆಕಾಯಿ ತಿಂದಿದ್ದೇನೆ, ಗಾಳಿ ಚೆನ್ನಾಗಿದೆ. ಆದರೆ ಗೋಡೆಗೆ ಇಳಿಜಾರಿಲ್ಲ. ನೀರು ಇಳಿದರೂ ಕಾಣುವುದು ಕಲ್ಲೇ, ಬೀಜ ಮೊಳೆಯಲು ಕೆಸರೆಲ್ಲಿ? ಜಲಪರ್ಣಿಗೆ ಮಾತ್ರ ಇದರಿಂದ ನಷ್ಟವಿಲ್ಲ. ತೇಲುವ ಗಿಡ, ದಡದ ಹಂಗಿಲ್ಲ, ಚರಂಡಿ ನೀರು ಬಂದರೆ ಸಾಕು. ಕೊಟ್ಟ ಮಾತು ಇಷ್ಟಕ್ಕೆ ತೀರಿತೆಂದುಕೊಳ್ಳಿ.

ಇಂಥ ಬೇಸರಕ್ಕೆ ನನ್ನ ಮದ್ದು ಥಿಯೋಡೋರ್ ಕುಕ್ ಸಾಹೇಬರ ಬಾಂಬೆ ಪ್ರೆಸಿಡೆನ್ಸಿಯ ಸಸ್ಯಸಂಪುಟಗಳು. 1901ರಿಂದ 1908ರವರೆಗೆ ಕಂತುಕಂತಾಗಿ ಬಂದವು. ಎಂಜಿನಿಯರ್ ಆಗಿದ್ದ ಮನುಷ್ಯ, ಪುಣೆಯ ವಿಜ್ಞಾನ ಕಾಲೇಜಿನ ಪ್ರಿನ್ಸಿಪಾಲ್. ಗಿಡದ ಲಕ್ಷಣ ಮುಗಿದ ಮೇಲೆ ಅದು ಸಿಕ್ಕ ಸೀಮೆ, ಹೂ ಬಿಡುವ ತಿಂಗಳು, ಊರವರು ಕರೆಯುವ ಹೆಸರು ಕೊಡುತ್ತಾರೆ. ಉತ್ತರ ಕನ್ನಡವೂ ಆಗ ಇದೇ ಪ್ರೆಸಿಡೆನ್ಸಿ, ಹಾಗಾಗಿ ಕೊಂಕಣದ ಬೆನ್ನಿಗೇ ಕಾರವಾರದ ಸೀಮೆಯೂ ಬರುತ್ತದೆ. ನೂರು ವರ್ಷ ಹಿಂದಿನ ಪುಟದಲ್ಲಿ ಎರಡೂ ಊರು ಒಟ್ಟಿಗೆ ಸಿಕ್ಕರೆ ಡೊಂಬಿವಲಿಯ ಕನ್ನಡಿಗನಿಗೆ ಇನ್ನೇನು ಬೇಕು?

ಕಲ್ಯಾಣ್–ಶಿಳ್ ರಸ್ತೆಯ ಆಚೀಚೆ ಇನ್ನೂ ಗೋಡೆ ಕಾಣದ ಹಳ್ಳಿಕೆರೆಗಳಿವೆ. ದೀಪಾವಳಿ ಮುಗಿದ ಭಾನುವಾರ ಒಮ್ಮೆ, ಸಂಕ್ರಾಂತಿ ಕಳೆದು ಇನ್ನೊಮ್ಮೆ ಒಂದೇ ಕೆರೆಗೆ ಹೋಗಿ, ಅಂಚು ಎಷ್ಟು ಸರಿದಿದೆ ನೋಡಿ ಬನ್ನಿ. ಆದರೆ ಊರ ಕೊಳಚೆ ಸೇರುವ ದಡದಿಂದ ಸೊಪ್ಪು ಕೀಳಬೇಡಿ. ಚಟ್ನಿಗೆ ಬೇಕಾದ ತಿಮರೆ ಬಾಲ್ಕನಿಯ ಕುಂಡದಲ್ಲೇ ಬೆಳೆಯುತ್ತದೆ.