ಅಕ್ಕನ ವಚನಗಳಲ್ಲಿ ವನ ಮತ್ತು ಮನ

ನೊಂದ ಮನಸ್ಸಿಗೆ ನಿಸರ್ಗದ ಸಾನ್ನಿಧ್ಯವು ಔಷಧದಂತೆ ಎಂಬ ಮಾತು ಇಂದು ಸರ್ವಸಮ್ಮತವಾಗಿದೆ. ಜಪಾನಿನ ಅರಣ್ಯ ಇಲಾಖೆಯು 1982ರಲ್ಲಿ ‘ಶಿನ್‌ರಿನ್ ಯೋಕು’, ಎಂದರೆ ಅರಣ್ಯಸ್ನಾನ, ಎಂಬ ಹೆಸರನ್ನಿತ್ತು ಕಾಡಿನಲ್ಲಿ ನಿಧಾನವಾಗಿ ನಡೆದಾಡುವುದನ್ನು ಆರೋಗ್ಯಸಾಧನವೆಂದು ಪ್ರಚಾರಮಾಡಿತು. 1984ರಲ್ಲಿ ಅಮೆರಿಕೆಯ ವಿದ್ವಾಂಸ ರೋಜರ್ ಉಲ್ರಿಚ್ ಅವರು ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದರು. ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯನ್ನಷ್ಟೇ ಕಾಣುತ್ತಿದ್ದವರಿಗಿಂತ ಬೇಗನೆ ಮನೆಗೆ ಮರಳಿದರೆಂದೂ, ಅವರಿಗೆ ತೀವ್ರವಾದ ನೋವುನಿವಾರಕಗಳು ಕಡಿಮೆ ಬೇಕಾದವೆಂದೂ ತೋರಿಸಿಕೊಟ್ಟರು. ಇಂತಹ ವಿಚಾರಗಳು ಹರಡಿದಂತೆ, ವಚನಸಾಹಿತ್ಯದ ಅಭ್ಯಾಸಿಗಳ ದೃಷ್ಟಿ ಮಹಾದೇವಿಯಕ್ಕನ ಕಡೆಗೆ ಹೊರಳುವುದು ಸಹಜವೇ ಆಗಿದೆ. ಅರಮನೆಯನ್ನು ತೊರೆದು ಅಡವಿಯನ್ನು ಸೇರಿದ ಅಕ್ಕ ನಿಸರ್ಗದ ಮಡಿಲಲ್ಲಿ ಶಾಂತಿಯನ್ನು ಪಡೆದಳು ಎಂಬ ಮಾತು ಶಾಲೆಯ ಪ್ರಬಂಧದಿಂದ ಮೊದಲ್ಗೊಂಡು ಶ್ರಾವಣದ ಪ್ರವಚನದವರೆಗೆ ಕೇಳಿಬರುತ್ತದೆ. ಮಾತು ಇಂಪಾಗಿದೆ; ಆದರೆ ಅಕ್ಕನ ವಚನಗಳು ಇದಕ್ಕೆ ಸಾಕ್ಷಿ ನುಡಿಯುತ್ತವೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅಕ್ಕನ ಜೀವನವೃತ್ತಾಂತ ಎಲ್ಲರಿಗೂ ಪರಿಚಿತವಾದುದೇ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಲ್ಲಿ ಹುಟ್ಟಿ, ಕೌಶಿಕನ ಅರಮನೆಯ ಭೋಗಭಾಗ್ಯಗಳನ್ನು ತೃಣವೆಂದು ಬಗೆದು ಹೊರಬಂದ ಈ ಶರಣೆಯ ಚರಿತ್ರೆಯನ್ನು ಹರಿಹರ ಕವಿ ರಗಳೆಯಲ್ಲಿ ಹಾಡಿದ್ದಾನೆ. ಕಲ್ಯಾಣದಲ್ಲಿ ಆಕೆಗೂ ಅಲ್ಲಮಪ್ರಭುವಿಗೂ ನಡೆದ ಸಂವಾದವನ್ನು ಶೂನ್ಯಸಂಪಾದನೆಗಳು ವಿಸ್ತರಿಸಿವೆ. ಈ ಆಕರಗಳಲ್ಲಿ ವಿವರಗಳ ಭೇದವುಂಟು. ಶ್ರೀಶೈಲವೇ ಆಕೆಯ ಗುರಿಯೆಂಬಲ್ಲಿ ಭೇದವಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಹೇಳಬೇಕು. ವಚನಗಳ ರಚನೆಯ ಕಾಲಕ್ರಮ ನಮಗೆ ಉಳಿದುಬಂದಿಲ್ಲ. ಇಂದು ಕಾಣುವ ಅನುಕ್ರಮವು ಸ್ಥಲಕಟ್ಟಿನ ಸಂಕಲನಕಾರರು ಮತ್ತು ಆಧುನಿಕ ಸಂಪಾದಕರು ಮಾಡಿದುದು. ಆದುದರಿಂದ ಮುಂದೆ ತೋರಿಸುವ ಮೆಟ್ಟಿಲುಗಳನ್ನು ಭಾವದ ಮೆಟ್ಟಿಲುಗಳೆಂದು ತಿಳಿಯಬೇಕಲ್ಲದೆ ಆಕೆಯ ಪ್ರಯಾಣದ ದಿನಚರಿಯೆಂದು ತಿಳಿಯಬಾರದು.

ಮೊದಲನೆಯ ಮೆಟ್ಟಿಲು ಅಗಲಿಕೆಯ ನೋವು. ಹಿಂಡಿನಿಂದ ಬೇರ್ಪಟ್ಟು ಸೆರೆಸಿಕ್ಕ ಆನೆ ತಾನು ಬೆಳೆದ ವಿಂಧ್ಯಪರ್ವತವನ್ನು ಸ್ಮರಿಸುವಂತೆ, ಪಂಜರದ ಪಾಲಾದ ಗಿಳಿ ತನ್ನ ಬಳಗವನ್ನು ಹಂಬಲಿಸುವಂತೆ, ತಾನು ಚೆನ್ನಮಲ್ಲಿಕಾರ್ಜುನನನ್ನು ನೆನೆಯುತ್ತಿರುವೆನೆಂದು ಅಕ್ಕ ಒಂದೆಡೆ ಹೇಳಿಕೊಳ್ಳುತ್ತಾಳೆ. ಈ ಉಪಮಾನಗಳ ಔಚಿತ್ಯವನ್ನು ಗಮನಿಸಬೇಕು. ಆನೆಗೆ ಮೇವಿನ ಕೊರತೆಯಿಲ್ಲ. ಅರಸನ ಲಾಯದಲ್ಲಿ ಕಬ್ಬು ಬೆಲ್ಲಗಳೂ ದೊರೆಯುತ್ತವೆ. ಪಂಜರದ ಗಿಳಿಗೆ ಹಾಲು ಹಣ್ಣು ತಪ್ಪುವುದಿಲ್ಲ. ಕೊರತೆಯಿರುವುದು ತನ್ನ ನೆಲೆಯಲ್ಲಿ ತಾನಿಲ್ಲದಿರುವುದರಲ್ಲಿ. ಮನಸ್ಸಿನ ಬೇಗೆಗೆ ಸುಖದ ಅಭಾವವೇ ಕಾರಣವೆಂದು ಲೋಕ ಭಾವಿಸಿದರೆ, ನೆಲೆಯ ಅಭಾವವೇ ಕಾರಣವೆಂದು ಅಕ್ಕ ಕಂಡುಕೊಂಡಳು. ಅರಮನೆಯಲ್ಲಿ ಆಕೆ ಏಕೆ ನಿಲ್ಲಲಾಗಲಿಲ್ಲವೆಂಬ ಪ್ರಶ್ನೆಗೆ ಈ ಎರಡು ಉಪಮಾನಗಳಿಗಿಂತ ಮಿಗಿಲಾದ ಉತ್ತರ ಬೇಕಾಗಿಲ್ಲ.

ಎರಡನೆಯ ಮೆಟ್ಟಿಲು ಅರಸುವಿಕೆ. ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲುಗಳನ್ನು ಒಂದೊಂದಾಗಿ ಕರೆದು, ತನ್ನ ಒಡೆಯನನ್ನು ಕಂಡಿರೇ ಎಂದು ಅಕ್ಕ ಕೇಳುವ ವಚನ ಕನ್ನಡಿಗರ ನಾಲಗೆಯ ಮೇಲೆಯೇ ಇದೆ. ವಿರಹಿಯು ಮರಗಿಡಗಳನ್ನು ಮಾತನಾಡಿಸುವುದು ಭಾರತೀಯ ಕಾವ್ಯದ ಹಳೆಯ ಸಂಪ್ರದಾಯ. ವಾಲ್ಮೀಕಿಯ ರಾಮ ಸೀತೆಗಾಗಿ ಮರಗಳನ್ನು ಪ್ರಶ್ನಿಸುತ್ತಾನೆ; ಕಾಳಿದಾಸನ ಪುರೂರವ ಊರ್ವಶಿಗಾಗಿ ನವಿಲು ಕೋಗಿಲೆಗಳನ್ನು ಬೇಡುತ್ತಾನೆ. ಅಲಂಕಾರಿಕರು ಇದನ್ನು ಉನ್ಮಾದಾವಸ್ಥೆಯೆಂದು ಕರೆದರು. ಅಕ್ಕನ ವಚನವನ್ನೂ ಅದೇ ಪಂಕ್ತಿಯಲ್ಲಿರಿಸಿದರೆ ಅದರ ವೈಶಿಷ್ಟ್ಯ ಕೈತಪ್ಪುತ್ತದೆ. ಉನ್ಮತ್ತನ ಕಣ್ಣಿಗೆ ಎಲ್ಲ ವಸ್ತುವೂ ತನ್ನ ಪ್ರಿಯತಮೆಯ ಛಾಯೆಯಾಗಿ ತೋರುತ್ತದೆ. ಅಕ್ಕನಿಗಾದರೋ ಗಿಳಿ ಗಿಳಿಯಾಗಿಯೇ, ಹಂಸ ಹಂಸವಾಗಿಯೇ ಕಾಣುತ್ತದೆ. ಗಿಳಿಯ ಉಲಿ, ಕೋಗಿಲೆಯ ಸ್ವರ, ತುಂಬಿಯ ಎರಗುವಿಕೆ, ಕೊಳದ ಅಂಚಿನಲ್ಲಿ ಹಂಸದ ಆಟ, ಬೆಟ್ಟದ ಕಂದರದಲ್ಲಿ ನವಿಲಿನ ವಿಹಾರ: ಪ್ರತಿಯೊಂದು ಜೀವಿಯೂ ತನ್ನ ಸ್ವಂತ ನೆಲೆಯಲ್ಲಿ, ಸ್ವಂತ ಕಾಯಕದಲ್ಲಿ ತೊಡಗಿರುವಂತೆ ಚಿತ್ರಿತವಾಗಿದೆ. ದುಃಖದಿಂದ ಬೆಂದ ಮನಸ್ಸು ಸಾಮಾನ್ಯವಾಗಿ ತನ್ನನ್ನಲ್ಲದೆ ಬೇರೇನನ್ನೂ ಕಾಣಲಾರದು. ಅಕ್ಕನ ದುಃಖ ಮಾತ್ರ ಕಣ್ಣನ್ನು ಮುಚ್ಚಲಿಲ್ಲ, ತೆರೆಯಿತು. ನಿಸರ್ಗವು ಮನಸ್ಸಿಗೆ ಮಾಡುವ ಮೊದಲ ಉಪಕಾರ ಇದೇ ಆಗಿರಬೇಕು. ತನ್ನ ನೋವಿನ ಆಚೆಗೆ ತನ್ನಂತೆಯೇ ಬದುಕುವ ಜೀವಿಗಳಿವೆಯೆಂಬ ಅರಿವು ಅಲ್ಲಿ ಮೂಡುತ್ತದೆ.

ಆದರೂ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಆ ವಚನದಲ್ಲಿ ಯಾವ ಪಕ್ಷಿಯೂ ಉತ್ತರ ಕೊಡುವುದಿಲ್ಲ. ಮಾಮರವನ್ನೂ ಬೆಳುದಿಂಗಳನ್ನೂ ಬೇಡಿಕೊಳ್ಳುವ ಇನ್ನೊಂದು ವಚನದಲ್ಲಿಯೂ ಉತ್ತರವಿಲ್ಲ. ಕಂಡಾಗ ತನ್ನನ್ನು ಕರೆದು ತೋರಿಸಿರೆಂಬ ಮೊರೆಯೊಂದಿಗೆ ವಚನ ಮುಗಿಯುತ್ತದೆ. ಕಾಡನ್ನೂ, ಕಾಡಿನ ಮರಗಳನ್ನೂ, ಮರಗಳ ನಡುವೆ ಆಡುವ ಖಗಮೃಗಗಳನ್ನೂ ಚೆನ್ನಮಲ್ಲಿಕಾರ್ಜುನನೇ ಎಂದು ಕಾಣುವ ಮತ್ತೊಂದು ವಚನವನ್ನು ಅದ್ವೈತಾನುಭವದ ಪರಾಕಾಷ್ಠೆಯೆಂದು ಉದಾಹರಿಸುವುದು ವಾಡಿಕೆ. ಉದಾಹರಿಸುವವರು ಬಹುಮಟ್ಟಿಗೆ ಕೊನೆಯ ಮಾತನ್ನು ಬಿಟ್ಟುಬಿಡುತ್ತಾರೆ. ಎಲ್ಲೆಡೆಯಲ್ಲಿಯೂ ತುಂಬಿರುವವನು ತನಗೆ ಮಾತ್ರ ಮುಖವನ್ನೇಕೆ ತೋರನೆಂಬ ಕೊರಗಿನಲ್ಲಿ ಆ ವಚನ ನಿಲ್ಲುತ್ತದೆ. ಸರ್ವವ್ಯಾಪ್ತಿಯ ಅರಿವೇ ಸಮಾಧಾನವಲ್ಲ. ಕಾಡೆಲ್ಲ ಶಿವಮಯವೆಂದು ತಿಳಿದ ಮೇಲೆಯೂ ಮನಸ್ಸು ಒಂಟಿಯಾಗಿ ಉಳಿಯಬಹುದು. ಈ ಪ್ರಾಮಾಣಿಕತೆಯೇ ಅಕ್ಕನ ವಚನಗಳನ್ನು ಉಪದೇಶದ ಮಟ್ಟದಿಂದ ಅನುಭಾವದ ಮಟ್ಟಕ್ಕೆ ಏರಿಸಿದೆ.

ಆಂಗ್ಲ ಕವಿ ವರ್ಡ್ಸ್‌ವರ್ತ್‌ನೊಡನೆ ಅಕ್ಕನನ್ನು ಹೋಲಿಸಲು ಬಯಸುವ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗಮನಿಸಬೇಕು. 1798ರಲ್ಲಿ ಟಿಂಟರ್ನ್ ಅಬ್ಬೆಯ ಪರಿಸರವನ್ನು ಕುರಿತು ಬರೆದ ಕವಿತೆಯಲ್ಲಿ ಆತ, ತಾನು ಕಂಡ ನದೀತೀರದ ನೆನಪೇ ನಗರದ ಗದ್ದಲದ ನಡುವೆ ತನ್ನನ್ನು ಸಂತೈಸಿತೆಂದು ಕೃತಜ್ಞತೆಯಿಂದ ಹೇಳುತ್ತಾನೆ. ಅದು ಒಂದು ನಿಜವಾದ ಅನುಭವ. ಅಕ್ಕನಾದರೋ ಬೆಟ್ಟದಲ್ಲಿ ಮನೆಮಾಡಿದವನು ಮೃಗಗಳಿಗೂ, ಕಡಲ ದಡದಲ್ಲಿ ನೆಲೆಸಿದವನು ತೆರೆಗಳಿಗೂ, ಸಂತೆಯ ನಡುವೆ ಇರುವವನು ಸದ್ದಿಗೂ ಅಂಜುವುದು ಸಲ್ಲದೆಂದು ಹೇಳಿ, ಲೋಕದ ಹೊಗಳಿಕೆ ತೆಗಳಿಕೆಗಳನ್ನು ಸಮಾಧಾನದಿಂದ ಹೊರಬೇಕೆಂದು ಕಲಿಸುತ್ತಾಳೆ. ಈ ವಚನದಲ್ಲಿ ಬೆಟ್ಟ, ಕಡಲು, ಸಂತೆ ಮೂರೂ ಒಂದೇ ತಕ್ಕಡಿಯಲ್ಲಿ ತೂಗಿವೆ. ಸಂತೆಯಿಂದ ಬೆಟ್ಟಕ್ಕೆ ಓಡಿಹೋದವನಿಗೆ ಅಲ್ಲಿ ಹುಲಿ ಕಾದಿದೆ. ಮನಸ್ಸನ್ನು ಬಿಟ್ಟು ಬೆಟ್ಟವನ್ನೇರಲು ಯಾರಿಗೂ ಸಾಧ್ಯವಿಲ್ಲವಾದುದರಿಂದ, ಸ್ಥಳದ ಬದಲಾವಣೆಯೊಂದರಿಂದಲೇ ನೆಮ್ಮದಿ ದೊರೆಯುವುದೆಂಬ ನಂಬಿಕೆಯನ್ನು ಅಕ್ಕ ಒಪ್ಪುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಹಸಿದಾಗ ಭಿಕ್ಷೆ, ಬಾಯಾರಿದಾಗ ಕೆರೆ ಬಾವಿಗಳು, ಮಲಗಲು ಹಾಳುಬಿದ್ದ ಗುಡಿಗಳು ಇವೆಯೆಂದು ಸಾರುವ ವಚನದಲ್ಲಿ ನಿಸರ್ಗವೇ ಆಕೆಯನ್ನು ಪೊರೆಯಿತೆಂಬ ಧ್ವನಿಯಿಲ್ಲವೇ? ಸೂಕ್ಷ್ಮವಾಗಿ ನೋಡಿದರೆ ಭಿಕ್ಷೆ ನೀಡಿದವರು ಊರ ತಾಯಂದಿರು. ಕೆರೆ ಬಾವಿಗಳನ್ನು ತೋಡಿಸಿದವರು ಮನುಷ್ಯರು. ಗುಡಿಯನ್ನು ಕಟ್ಟಿದವರೂ ಅವರೇ. ಅಲ್ಲಿ ತಾನಾಗಿ ಹರಿದುದು ಹಳ್ಳವೊಂದೇ. ಇಷ್ಟೆಲ್ಲ ಇದ್ದೂ ಆತ್ಮದ ಸಂಗಾತಿಯ ಸ್ಥಾನವನ್ನು ಅಕ್ಕ ಇವಾವುದಕ್ಕೂ ಕೊಡದೆ ಚೆನ್ನಮಲ್ಲಿಕಾರ್ಜುನನಿಗೇ ಮೀಸಲಾಗಿರಿಸುತ್ತಾಳೆ. ದೇಹವನ್ನು ಪೊರೆಯುವುದು ಬೇರೆ, ಮನಸ್ಸಿಗೆ ಸಂಗಾತಿಯಾಗುವುದು ಬೇರೆ ಎಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ.

ಹಾಗಾದರೆ ಅಕ್ಕನ ಬಾಳಿನಲ್ಲಿ ವನದ ಪಾತ್ರವೇನು? ಈ ಪ್ರಶ್ನೆಗೆ ಉತ್ತರವಿರುವುದು, ಅಷ್ಟಾಗಿ ಪ್ರಚಾರದಲ್ಲಿಲ್ಲದ ಒಂದು ಪುಟ್ಟ ವಚನದಲ್ಲಿ. ಹಸಿವನ್ನು ತಣಿಸಿಕೊಳ್ಳಲು ಅಕ್ಕ ಒಂದೊಂದು ಗಿಡದ ಬಳಿಗೂ ಹೋಗಿ ಬೇಡಿದಳು. ಬೇಡಿದುದು ತನ್ನ ಅಂಗಕ್ಕಾಗಿ. ಗಿಡಗಳು ಕೊಟ್ಟುದು ಲಿಂಗಕ್ಕೆ ಅರ್ಪಿತವೆಂದು. ಬೇಡಿದುದರಿಂದ ತಾನು ಭವಿಯ ಸ್ಥಿತಿಗೆ ಇಳಿದೆನೆಂದೂ, ಕೊಟ್ಟುದರಿಂದ ಗಿಡಗಳು ಭಕ್ತಪದವಿಗೆ ಏರಿದವೆಂದೂ ಆಕೆ ನಾಚಿಕೆಯಿಂದ ನುಡಿದು, ಇನ್ನೆಂದೂ ಬೇಡುವುದಿಲ್ಲವೆಂದು ಒಡೆಯನ ಮೇಲೆ ಆಣೆಯಿಡುತ್ತಾಳೆ. ನಾಲ್ಕೈದು ಸಾಲುಗಳ ಈ ವಚನದಲ್ಲಿ ವೀರಶೈವದ ಅರ್ಪಿತತತ್ತ್ವವೆಲ್ಲ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಒಂದೇ ಹಣ್ಣು ಅಂಗಮುಖವಾದಾಗ ಪದಾರ್ಥ, ಲಿಂಗಮುಖವಾದಾಗ ಪ್ರಸಾದ. ಅಕ್ಕ ಪದಾರ್ಥವನ್ನು ಕೇಳಿದಳು. ಗಿಡ ಪ್ರಸಾದವನ್ನು ನೀಡಿತು. ಗಿಡಕ್ಕೆ ದೀಕ್ಷೆಯಿಲ್ಲ, ಶಾಸ್ತ್ರಜ್ಞಾನವಿಲ್ಲ; ಆದರೂ ದಾಸೋಹವನ್ನು ಅದು ಅರಿತಿದೆ. ಕೌಶಿಕನ ಎದುರಿಗೆ ತಲೆಬಾಗದ ಅಕ್ಕ ಇಲ್ಲಿ ಒಂದು ಗಿಡದ ಮುಂದೆ ತಲೆಬಾಗುತ್ತಾಳೆ.

ನಿಸರ್ಗವನ್ನು ಮನಸ್ಸಿನ ಆರೋಗ್ಯಕ್ಕೆ ಸಾಧನವಾಗಿ ಕಾಣುವ ಇಂದಿನ ದೃಷ್ಟಿಗೂ ಅಕ್ಕನ ದೃಷ್ಟಿಗೂ ಇರುವ ಅಂತರ ಇಲ್ಲಿಯೇ ಇದೆ. ಮರದ ನೆರಳಿನಲ್ಲಿ ನಡೆದರೆ ಮನಸ್ಸು ಹಗುರವಾಗುವುದೆಂಬುದು ಸತ್ಯ. ವೈದ್ಯರು ಹಾಗೆ ಹೇಳುವುದು ಸರಿಯಾದುದೇ. ಆದರೆ ತನ್ನ ಚಿಂತೆ ಕಳೆಯಲೆಂದೇ ಮರದ ಬಳಿಗೆ ಹೋಗುವವನು ಮರದಿಂದಲೂ ಬೇಡುತ್ತಲೇ ಇರುತ್ತಾನೆ. ಊರಿನಲ್ಲಿ ಮಾನವನ್ನೂ ಧನವನ್ನೂ ಬೇಡಿ ಬಳಲಿದ ಮನಸ್ಸು ಕಾಡಿನಲ್ಲಿ ಶಾಂತಿಯನ್ನು ಬೇಡುತ್ತದೆ. ಬೇಡುವ ವಸ್ತು ಬದಲಾಯಿತು, ಬೇಡುವ ಗುಣ ಬದಲಾಗಲಿಲ್ಲ. ಮನಸ್ಸಿನ ಬಳಲಿಕೆಗೆ ಈ ಬೇಡುವ ಗುಣವೇ ಮೂಲವಾಗಿರುವಾಗ, ಅದನ್ನು ಹೊತ್ತುಕೊಂಡೇ ಪಡೆದ ಉಪಶಮನ ಊರಿಗೆ ಮರಳುವವರೆಗೆ ಮಾತ್ರ ಉಳಿದೀತು. ಅಕ್ಕನಿಗೆ ವನವು ಗುರುವಾದುದು ಹಣ್ಣು ಕೊಟ್ಟಾಗಲ್ಲ. ಬೇಡಿದ ತನಗಿಂತ ಕೊಟ್ಟ ಗಿಡ ಹಿರಿದೆಂದು ಆಕೆ ನಾಚಿದಾಗ. ಆ ನಾಚಿಕೆಯೊಂದಿಗೆ ಬೇಡಿಕೆ ಕಳಚಿತು. ಬೇಡಿಕೆ ಕಳಚಿದಲ್ಲಿ ಸಮಾಧಾನಕ್ಕೆ ಎಡೆಯಾಯಿತು.

ಕದಳಿಯನ್ನು ಕುರಿತ ವಚನವನ್ನು ಈ ಬೆಳಕಿನಲ್ಲಿ ಓದಿದಾಗ ಅದರ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ತನುವೂ ಮನವೂ ವಿಷಯಗಳೂ ಕದಳಿಯೇ, ಭವವೆಂಬ ಘೋರವಾದ ಅಡವಿಯೂ ಕದಳಿಯೇ ಎಂದು ಹೇಳಿ, ಆ ಕದಳಿಯನ್ನು ಗೆದ್ದು ಬಂದು ಅದೇ ಕದಳಿಯ ಬನದಲ್ಲಿ ಭವವನ್ನು ಹರಿಸುವವನನ್ನು ಕಂಡೆನೆಂದು ಅಕ್ಕ ಸಾರುತ್ತಾಳೆ. ಬಾಳೆಯ ಗಿಡವನ್ನು ಸುಲಿಯುತ್ತ ಹೋದರೆ ಪದರದ ಮೇಲೆ ಪದರ ಬರುತ್ತದೆಯಲ್ಲದೆ ಗಟ್ಟಿಯಾದ ಕಾಂಡ ದೊರೆಯದು. ಸಂಸಾರದ ನಿಸ್ಸಾರತೆಗೆ ಕದಳಿ ಹಳೆಯ ಉಪಮಾನ. ಆದರೆ ಅಕ್ಕ ನಿಸ್ಸಾರವೆಂದು ಅದನ್ನು ಬಿಟ್ಟು ಬೇರೊಂದು ವನವನ್ನು ಹುಡುಕಲಿಲ್ಲ. ಗೆದ್ದುದೂ ಕದಳಿಯನ್ನೇ, ಕಂಡುದೂ ಕದಳಿಯಲ್ಲಿಯೇ. ಮೊದಲು ಮುಖವನ್ನು ತೋರದೆ ಕಾಡಿದವನು ಕಡೆಗೆ ಅದೇ ವನದಲ್ಲಿ ಮುಖವನ್ನು ತೋರಿದ. ವನ ಬದಲಾಗಲಿಲ್ಲ, ನೋಡುವ ಮನ ಬದಲಾಯಿತು. ಹೊರಗಿನ ಕಾಡಿಗೂ ಒಳಗಿನ ಕಾಡಿಗೂ ನಡುವೆ ಇದ್ದ ಗೋಡೆ ಈ ವಚನದಲ್ಲಿ ಬಿದ್ದುಹೋಗಿದೆ.

ಕೃಷ್ಣಾ ನದಿಯ ಕಣಿವೆಯಲ್ಲಿ, ನಲ್ಲಮಲೆಯ ಅರಣ್ಯದ ನಡುವೆ ಇರುವ ಕದಳಿವನವನ್ನೂ ಅಕ್ಕನ ಹೆಸರಿನ ಗವಿಯನ್ನೂ ದರ್ಶನ ಮಾಡುವ ಭಕ್ತರು ಇಂದಿಗೂ ಅನೇಕರು. ಯುಗಾದಿಯ ಸಮಯದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೊದಲಾದ ಕಡೆಗಳಿಂದ ಸಹಸ್ರಾರು ಜನರು ಮಲ್ಲಯ್ಯನ ಕಂಬಿಯನ್ನು ಹೊತ್ತು, ಸುಡುವ ಬಿಸಿಲಿನಲ್ಲಿ ಕಾಲ್ನಡಿಗೆಯಿಂದ ಭೀಮನಕೊಳ್ಳವನ್ನು ಇಳಿದೇರಿ ಶ್ರೀಶೈಲವನ್ನು ಸೇರುತ್ತಾರೆ. ಆ ಅರಣ್ಯ ಈಗ ಹುಲಿಗಳ ರಕ್ಷಿತಧಾಮ. ದಾರಿಯ ಮರಗಳು ಅವರಿಗೆ ನೆರಳನ್ನು ಕೊಡುತ್ತವೆ, ಚಿಲುಮೆಗಳು ನೀರನ್ನು ಕೊಡುತ್ತವೆ. ಮನೆಯ ಚಿಂತೆಗಳನ್ನು ಹೊತ್ತು ಹೊರಟವರು ಹಗುರವಾದ ಮನಸ್ಸಿನಿಂದ ಮರಳುವುದನ್ನು ಹಳ್ಳಿಹಳ್ಳಿಗಳಲ್ಲಿ ಕಾಣಬಹುದು. ಹರಕೆಯ ಫಲವನ್ನು ಬೇಡಲು ಹೊರಟ ಯಾತ್ರಿಕನು ನಲ್ಲಮಲೆಯ ಒಂದು ಮರದಡಿಯಲ್ಲಿ ಕುಳಿತಾಗ, ಆ ಮರ ಏನನ್ನೂ ಬೇಡದೆ ತನಗೆ ನೆರಳನ್ನು ನೀಡುತ್ತಿದೆಯೆಂದು ಒಂದು ಕ್ಷಣ ನೆನೆದರೆ ಸಾಕು; ಅಕ್ಕ ನಡೆದ ದಾರಿಯಲ್ಲಿ ಆತನೂ ಒಂದು ಹೆಜ್ಜೆಯನ್ನಿಟ್ಟಂತೆಯೇ ಸರಿ.